ಸಿಗಡಿಯ ಬಲೆ ಮತ್ತು ಬೇಡದ ಮೀನು

ಹರಿಹರದ ಬಳಿ ತುಂಗಭದ್ರೆಯಲ್ಲಿ ಮೀನು ಹಿಡಿಯುವವನೊಬ್ಬನು ತನ್ನ ಬಲೆಯನ್ನು ಪರದೆಯಂತೆ ನೀರಿನಲ್ಲಿ ತೂಗುಬಿಟ್ಟನೆಂದು ಭಾವಿಸಿರಿ. ಸಣ್ಣ ಮರಿ ಬಲೆಯ ಕಣ್ಣಿನೊಳಗೆ ತೂರಿ ಪಾರಾಗುತ್ತದೆ. ತೀರ ದೊಡ್ಡ ಮೀನಿನ ತಲೆಯೇ ಒಳಹೋಗದು. ನಡುವಣ ಗಾತ್ರದ್ದು ಮಾತ್ರ ಕಿವಿರಿನ ಬಳಿ ಸಿಕ್ಕಿಬೀಳುತ್ತದೆ. ಮಂಗಳೂರು, ಮಲ್ಪೆಗಳಿಂದ ಸಿಗಡಿಗಾಗಿ ಹೊರಡುವ ಯಾಂತ್ರಿಕ ದೋಣಿಗಳ ಟ್ರಾಲ್ ಬಲೆಗೆ ಈ ವಿವೇಚನೆಯಿಲ್ಲ.

ಟ್ರಾಲ್ ಬಲೆಯೆಂದರೆ ಆಲಿಕೆಯಾಕಾರದ ದೊಡ್ಡ ಚೀಲ. ದೋಣಿ ಎಳೆದಂತೆ, ಇಕ್ಕೆಲಗಳ ಹಲಗೆಗಳು ನೀರಿನ ಒತ್ತಡದಿಂದ ಹೊರಸರಿದು ಅದರ ಬಾಯನ್ನು ಅಗಲಿಸುತ್ತವೆ. ಕೆಳ ಅಂಚಿನ ಭಾರವು ಅದನ್ನು ಕಡಲ ತಳಕ್ಕೆ ಒತ್ತಿಹಿಡಿಯುತ್ತದೆ. ಸಿಗಡಿ ತಳದ ಕೆಸರಿನಲ್ಲಿ ವಾಸಿಸುವ ಚಿಕ್ಕ ಪ್ರಾಣಿ. ಆದುದರಿಂದ ಚೀಲದ ಕಣ್ಣುಗಳೂ ಚಿಕ್ಕವು. ಸಿಗಡಿಯ ಜೊತೆಗೆ ಮರಿಮೀನು, ಏಡಿ, ಸ್ಕ್ವಿಲ್ಲಾ, ಕಡಲಹಾವು, ಕೆಲವೊಮ್ಮೆ ಕಡಲಾಮೆ ಸಹ ಬರುತ್ತವೆ. ಇದನ್ನು ಉಪಹಿಡಿತವೆನ್ನೋಣ.

ಇಲ್ಲೊಂದು ರೇಖಾಗಣಿತದ ಸಂಗತಿಯುಂಟು. ಬಲೆಯ ಕಣ್ಣು ಸಮಭುಜಗಳ ವಜ್ರಾಕೃತಿ. ಭುಜವು 10 ಮಿ.ಮೀ., ಕೋನವು 90 ಡಿಗ್ರಿ ಇದ್ದಾಗ ಅದರ ಕ್ಷೇತ್ರಫಲ 100 ಚದರ ಮಿ.ಮೀ. ಚೀಲ ತುಂಬಿ ಭಾರವಾದಂತೆ ದಾರಗಳು ಬಿಗಿದು ಕೋನ ಕುಗ್ಗುತ್ತದೆ: 30 ಡಿಗ್ರಿಗೆ 50, 10 ಡಿಗ್ರಿಗೆ ಸುಮಾರು 17. ದಾರದ ಉದ್ದ ಬದಲಾಗಿಲ್ಲ, ದ್ವಾರ ಮಾತ್ರ ಮುಚ್ಚಿದೆ! ದಾರಗಳನ್ನು ಎಳೆತದ ದಿಕ್ಕಿಗೂ ಅದಕ್ಕೆ ಅಡ್ಡವಾಗಿಯೂ ಹೆಣೆದ ಚೌಕಗಣ್ಣಿನ ಚೀಲದಲ್ಲಿ ಉದ್ದದ ದಾರಗಳೇ ಭಾರ ಹೊರುವುದರಿಂದ ಕಣ್ಣು ತೆರೆದೇ ಇರುತ್ತದೆ, ಮರಿಗಳಿಗೆ ದಾರಿಯುಳಿಯುತ್ತದೆ.

ದೋಣಿಯಲ್ಲಿ ಮಂಜುಗಡ್ಡೆಗೂ ಸ್ಥಳಕ್ಕೂ ಮಿತಿಯಿದೆ. ಬೆಲೆಯುಳ್ಳ ಸಿಗಡಿಯನ್ನಿಟ್ಟುಕೊಂಡು ಉಳಿದುದನ್ನು ಕಡಲಿಗೆಸೆಯುವ ರೂಢಿ ಹೀಗೆ ಬಂದಿತು. ಎಸೆದುದರಲ್ಲಿ ಬದುಕುವುದು ಸ್ವಲ್ಪವೇ: ಆಳದಿಂದ ಮೇಲೆಳೆದಾಗ ಮೀನಿನ ಗಾಳಿಚೀಲ ಉಬ್ಬುತ್ತದೆ, ಬಲೆಯ ಭಾರ ಮೈಯನ್ನು ಜಜ್ಜುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2005ರ ವರದಿಯು ಜಗತ್ತಿನಲ್ಲಿ ಹೀಗೆ ಎಸೆಯಲಾಗುತ್ತಿದ್ದ ಮೀನನ್ನು ವರ್ಷಕ್ಕೆ 73 ಲಕ್ಷ ಟನ್ ಎಂದು ಅಂದಾಜು ಮಾಡಿತು. ಅದರಲ್ಲಿ ಕಾಲುಭಾಗಕ್ಕೂ ಹೆಚ್ಚು ಉಷ್ಣವಲಯದ ಸಿಗಡಿ ಟ್ರಾಲಿಂಗಿನದು.

ನಮ್ಮ ಕರಾವಳಿಯಲ್ಲಿ ಈಗ ಉಪಹಿಡಿತದ ಒಂದು ಪಾಲು ದಡಕ್ಕೆ ಬಂದು ಮೀನುಪುಡಿಯ ಕಾರ್ಖಾನೆ ಸೇರುತ್ತದೆ. ದಾವಣಗೆರೆಯ ಹೊಲದ ಮೆಕ್ಕೆಜೋಳವೂ ಅರಬ್ಬೀ ಸಮುದ್ರದ ಮರಿಮೀನೂ ಕೋಳಿಯ ಮೇವಿನಲ್ಲಿ ಸಂಧಿಸುವುದು ಅಸಂಭವವಲ್ಲ. ಇದನ್ನು ಸುಧಾರಣೆಯೆಂದು ಬಗೆಯುವವರುಂಟು. ನನಗೆ ಹಾಗೆ ತೋರುವುದಿಲ್ಲ. ಎಸೆಯುವುದು ಕಡಿಮೆಯಾಯಿತೇ ವಿನಾ ಮರಿಗಳು ಸಾಯುವುದು ನಿಲ್ಲಲಿಲ್ಲ. ಮರಿಗೆ ಬೆಲೆ ಬಂದ ಮೇಲೆ ಬಲೆಯ ಕಣ್ಣನ್ನು ಹಿಗ್ಗಿಸುವ ಆಸೆ ಯಾರಿಗಿದ್ದೀತು?

ಕರ್ನಾಟಕದಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆಮೆಗಳ ವಿಷಯ ಬೇರೆ. ಅವನ್ನು ಪಾರುಮಾಡುವ ಸಾಧನ ನಮ್ಮ ಬಲೆಗಳಲ್ಲಿಲ್ಲವೆಂದು ಅಮೆರಿಕವು 2019ರಲ್ಲಿ ಭಾರತದ ಕಡಲಿನಲ್ಲಿ ಹಿಡಿದ ಸಿಗಡಿಯ ಆಮದನ್ನು ನಿಲ್ಲಿಸಿತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಅಂತಹ ಸಾಧನವನ್ನು ರೂಪಿಸಿದೆ. ಬಲೆಯೊಳಗೆ ಓರೆಯಾಗಿ ನಿಂತ ಸರಳುಗಳ ಚೌಕಟ್ಟದು: ಸಿಗಡಿ ಸರಳುಗಳ ನಡುವೆ ನುಸುಳಿ ಚೀಲ ಸೇರುತ್ತದೆ, ಆಮೆ ತಡೆದು ಕಿಂಡಿಯಿಂದ ಹೊರಬೀಳುತ್ತದೆ. ಅದೇ ಕಿಂಡಿಯಿಂದ ಒಂದಿಷ್ಟು ಸಿಗಡಿಯೂ ಜಾರುವುದರಿಂದ ಮೀನುಗಾರರು ಅದನ್ನು ಸುಲಭವಾಗಿ ಒಪ್ಪುವುದಿಲ್ಲ.