ಗಾಡಿ ನೋಡುವ ಮೊದಲು ಆರ್‌ಸಿ ನೋಡಿ

ಅಡಿಕೆ ಮಾರಿದ ಹಣ ಕೈಗೆ ಬಂದರೆ ವಿಟ್ಲದ ಆಸುಪಾಸಿನ ಮನೆಗಳಲ್ಲಿ ಗಾಡಿಯ ಮಾತು ಏಳುತ್ತದೆ. ಅಜ್ಜ, ಅಜ್ಜಿ, ಮಕ್ಕಳು ಎಲ್ಲರೂ ಒಟ್ಟಿಗೆ ಮದುವೆಗೋ ದೈವದ ನೇಮಕ್ಕೋ ಪುತ್ತೂರಿನ ಆಸ್ಪತ್ರೆಗೋ ಹೋಗಬೇಕೆಂದರೆ ಐದು ಸೀಟಿನ ಕಾರು ಸಾಲದು, ಹೊಸ ಏಳು ಸೀಟಿನದಕ್ಕೆ ಕೈ ಎಟುಕದು. ಉಳಿಯುವುದು ಸೆಕೆಂಡ್ ಹ್ಯಾಂಡ್ ಓಮ್ನಿ, ಈಕೋ, ಎರ್ಟಿಗಾ, ಇನ್ನೋವಾ. ಓಮ್ನಿಯ ತಯಾರಿಕೆಯಂತೂ 2019ರಲ್ಲೇ ನಿಂತುಹೋಗಿದೆ. ಹಾಗಾಗಿ ಈಗ ಓಮ್ನಿ ಬೇಕೆಂದರೆ ಯಾರೋ ಓಡಿಸಿದ್ದನ್ನೇ ಕೊಳ್ಳಬೇಕು.

ಕೊಳ್ಳುವವರು ಪರಿಚಯದ ಮೆಕ್ಯಾನಿಕನನ್ನು ಕರೆದುಕೊಂಡು ಹೋಗುತ್ತಾರೆ. ಇಂಜಿನ್ ಸದ್ದು ಕೇಳುತ್ತಾರೆ, ಅಡಿಭಾಗದ ತುಕ್ಕು ತಟ್ಟಿ ನೋಡುತ್ತಾರೆ. ಕರಾವಳಿಯ ಮಳೆಗೆ ಅದು ಬೇಕಾದದ್ದೇ. ಆದರೆ ಇಂಜಿನ್ ಕೆಟ್ಟರೆ ಹೋಗುವುದು ಕೆಲವು ಸಾವಿರ. ಕಾಗದ ಕೆಟ್ಟಿದ್ದರೆ, ಒಂದು ಅಪಘಾತದ ಪರಿಹಾರಕ್ಕಾಗಿ ತೋಟವನ್ನೇ ಮಾರಬೇಕಾದೀತು. ಅದಕ್ಕೇ ಮೊದಲು ಆರ್‌ಸಿ ಕೈಗೆ ತೆಗೆದುಕೊಳ್ಳಿ.

ಆರ್‌ಸಿಯಲ್ಲಿ ಎಲ್ಲರೂ ಹೆಸರು ನೋಡುತ್ತಾರೆ, ಸೀಟಿನ ಸಂಖ್ಯೆ ನೋಡುವವರು ಕಡಿಮೆ. ಓಮ್ನಿ ಐದು ಸೀಟಿನದೂ ಇತ್ತು, ಎಂಟು ಸೀಟಿನದೂ ಇತ್ತು, ಸರಕು ಸಾಗಿಸುವ ಕಾರ್ಗೋ ಮಾದರಿಯೂ ಇತ್ತು. ಕಾರ್ಗೋಗೆ ಗ್ಯಾರೇಜಿನಲ್ಲಿ ಸೀಟು ಕೂರಿಸಿ ‘ಫ್ಯಾಮಿಲಿ ಗಾಡಿ’ ಎಂದು ಮಾರಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪೆನಿ ಕೊಟ್ಟ ಮೂಲ ವಿನ್ಯಾಸವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಗ್ಯಾಸ್ ಕಿಟ್‌ನ ಕಥೆಯೂ ಇದೇ: ಆರ್‌ಸಿಯ ಇಂಧನದ ಕಾಲಂನಲ್ಲಿ ಬರೆಸದ ಕಿಟ್ ಇದ್ದರೆ ಅಪಘಾತದ ದಿನ ವಿಮಾ ಕಂಪೆನಿಗೆ ತಕರಾರು ತೆಗೆಯಲು ಕಾರಣ ಸಿಕ್ಕಂತೆ.

ಸೀಟಿನ ಲೆಕ್ಕ ಯಾಕೆ ಮುಖ್ಯವೆಂದರೆ, ವಿಮೆ ನಿಲ್ಲುವುದು ಆ ಸಂಖ್ಯೆಯ ಮೇಲೆ. ಮಿತಿ ಮೀರಿ ಜನ ತುಂಬಿದ್ದ ಬಸ್ಸೊಂದರ ಅಪಘಾತದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ, ಪಾಲಿಸಿಯಲ್ಲಿದ್ದ 42 ಪ್ರಯಾಣಿಕರ ಮಟ್ಟಿಗೆ ಮಾತ್ರ ವಿಮಾ ಕಂಪೆನಿಯ ಹೊಣೆ ಎಂದಿತು. ನೇಮದ ರಾತ್ರಿ ಎಂಟು ಸೀಟಿನ ಓಮ್ನಿಯಲ್ಲಿ ಹನ್ನೆರಡು ಮಂದಿ ಹೊರಡುವ ಮೊದಲು ಇದು ನೆನಪಿರಲಿ.

ಇನ್ನೊಂದು ಸಂಗತಿ ವಿದ್ಯಾವಂತರಿಗೂ ತಿಳಿದಿರುವುದಿಲ್ಲ. ಹಳೆ ಗಾಡಿಗೆ ಬರೇ ‘ಥರ್ಡ್ ಪಾರ್ಟಿ’ ವಿಮೆ ಮಾಡಿಸಿ ಓಡಿಸುವುದು ರೂಢಿ. ಕಾನೂನಿಗೆ ಅಷ್ಟು ಸಾಕು, ಪೊಲೀಸರು ಕೇಳಿದರೆ ತೋರಿಸಬಹುದು. ಆದರೆ ಖಾಸಗಿ ಕಾರಿನ ಆ ಪಾಲಿಸಿ ದಾರಿಯಲ್ಲಿ ಹೋಗುವ ಮೂರನೆಯವರಿಗೆ. ಗಾಡಿಯೊಳಗೆ ಕುಳಿತ ನಿಮ್ಮ ಹೆಂಡತಿ ಮಕ್ಕಳಿಗೆ ಅದರಿಂದ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಪ್ಯಾಕೇಜ್ ಪಾಲಿಸಿ, ಅಂದರೆ ಜನ ‘ಫುಲ್ ಇನ್ಶೂರೆನ್ಸ್’ ಎನ್ನುವುದು, ಒಳಗಿದ್ದವರ ಹೊಣೆಯನ್ನೂ ಹೊರುತ್ತದೆ. ಮನೆಮಂದಿಗಾಗಿಯೇ ಗಾಡಿ ಕೊಳ್ಳುವವರು ಪ್ರೀಮಿಯಂನಲ್ಲಿ ಉಳಿತಾಯ ಮಾಡಲು ಹೋಗಿ ಮನೆಮಂದಿಯನ್ನೇ ವಿಮೆಯಿಂದ ಹೊರಗೆ ಬಿಡುವುದು ನನಗಂತೂ ಅರ್ಥವಾಗದ ಲೆಕ್ಕಾಚಾರ.

ಈಗ ಹೆಸರಿನ ವಿಷಯ. ‘ಆರ್‌ಸಿ ಆಮೇಲೆ ಮಾಡಿಸುವ, ಫಾರಂಗೆ ಸೈನ್ ಹಾಕಿ ಕೊಟ್ಟಿದ್ದೇನಲ್ಲ’ ಎಂದು ಮಾರಿದವರು ಹೇಳುತ್ತಾರೆ, ಕೊಂಡವರು ತಲೆಯಾಡಿಸುತ್ತಾರೆ. ಇಬ್ಬರಿಗೂ ಇದು ಅಪಾಯ. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ಅದೇ ರಾಜ್ಯದ ಗಾಡಿಯಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಇದಕ್ಕಿರುವುದೇ ಫಾರಂ 29 ಮತ್ತು 30. ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾಗಿ, ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿದ್ದ, ವಿಮೆಯೂ ಇಲ್ಲದ ಕಾರೊಂದು 2009ರಲ್ಲಿ ಅಪಘಾತ ಮಾಡಿತು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಕೊಟ್ಟ ತೀರ್ಪು ನೇರವಾಗಿದೆ: ಸಂತ್ರಸ್ತರು ನಿಜವಾದ ಮಾಲಕ ಯಾರೆಂದು ಹುಡುಕುತ್ತಾ ಹೋಗಬೇಕಾಗಿಲ್ಲ, ಆರ್‌ಸಿಯಲ್ಲಿ ಹೆಸರಿರುವವನೇ ಮಾಲಕ, ಪರಿಹಾರ ಅವನೇ ಕೊಡಬೇಕು. ಗಾಡಿ ಮಾರಿ ಸುಮಾರು ಎರಡು ವರ್ಷವಾಗಿದ್ದರೂ ಆ ಮನುಷ್ಯ ತಪ್ಪಿಸಿಕೊಳ್ಳಲಿಲ್ಲ.

ಹಾಗಾದರೆ ಕೊಂಡವರಿಗೆ ಏನು ಭಯ? ಅವರದ್ದು ಬೇರೆ ಪೇಚು. 157ನೇ ಕಲಂ ಪ್ರಕಾರ ಗಾಡಿ ಕೈ ಬದಲಾದಾಗ ಥರ್ಡ್ ಪಾರ್ಟಿ ಭಾಗ ತಾನಾಗಿಯೇ ಹೊಸಬರಿಗೆ ದಾಟುತ್ತದೆ. ಸ್ವಂತ ಗಾಡಿಯ ನಷ್ಟ ತುಂಬುವ ಭಾಗ ಹಾಗೆ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಅದಕ್ಕೆ 14 ದಿನಗಳೊಳಗೆ ವಿಮಾ ಕಂಪೆನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾಲಕ-ಚಾಲಕನಿಗಿರುವ 15 ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಹೆಸರಿದ್ದವರಿಗೇ. ಹಳೆಯವರ ನೋ ಕ್ಲೇಮ್ ಬೋನಸ್ ಅವರ ಜತೆಗೇ ಹೋಗುತ್ತದೆ, ನಿಮಗೆ ಬರುವುದಿಲ್ಲ.

ನಮ್ಮ ಕಡೆ ಹೆಸರು ಬದಲಿಸಲು ಅಡ್ಡಿಯಾಗುವ ಕಾರಣಗಳೂ ನಮ್ಮವೇ. ಮಾಲಕ ಗಲ್ಫ್‌ನಲ್ಲಿರುತ್ತಾನೆ, ಗಾಡಿ ಮಾರುವುದು ಅವನ ತಮ್ಮ. ಸಹಿ ಯಾರದ್ದು, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಯಾರು ಹೇಳಬೇಕು? ಅಡ್ವಾನ್ಸ್ ಕೊಡುವ ಮೊದಲೇ ಇದು ಇತ್ಯರ್ಥವಾಗಬೇಕು. ತೀರಿಕೊಂಡ ತಂದೆಯ ಹೆಸರಿನಲ್ಲೇ ಇರುವ ಗಾಡಿಯಾದರೆ ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಫಾರಂ 31. ಸಾಲ ತೀರಿದ್ದರೂ ಆರ್‌ಸಿಯಲ್ಲಿರುವ ಸಾಲದ ನಮೂದು, ಅಂದರೆ ಎಚ್‌ಪಿ, ತೆಗೆಸದೆ ಬಿಟ್ಟವರು ಬಹಳ. ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಇಲ್ಲದೆ ಆ ನಮೂದು ಹೋಗುವುದಿಲ್ಲ. ನಮೂದು ಇರುವಾಗ ಸಾಲ ಕೊಟ್ಟವರ ಒಪ್ಪಿಗೆಯಿಲ್ಲದೆ ಹೆಸರೂ ಬದಲಾಗುವುದಿಲ್ಲ. ಸೊಸೈಟಿಯಿಂದ ಸಾಲ ಪಡೆದಿದ್ದರೂ ನಿಯಮ ಇದೇ.

ಇನ್ನು ಗಡಿ. ವಿಟ್ಲದಿಂದ ಅಡ್ಯನಡ್ಕ ದಾಟಿ ಸಾರಡ್ಕಕ್ಕೆ ಹೋದರೆ ಅದರಾಚೆ ಕೇರಳ. ಪೆರ್ಲ, ಬದಿಯಡ್ಕ, ಕಾಸರಗೋಡಿನ ಕೆಎಲ್-14 ಗಾಡಿಗಳು ಈ ಕಡೆಯವುಗಳಿಗಿಂತ ಅಗ್ಗವಾಗಿ ಕಾಣುವುದುಂಟು. ದಿಲ್ಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗೆ ಓಡಾಟದ ನಿರ್ಬಂಧ ಬಂದ ಮೇಲೆ ಅಲ್ಲಿನ ಇನ್ನೋವಾಗಳೂ ದಕ್ಷಿಣಕ್ಕೆ ಇಳಿದಿವೆ. ಬೆಲೆಗೆ ಮರುಳಾಗುವ ಮೊದಲು ಕೂಡಿಸಿ ನೋಡಿ. 48ನೇ ಕಲಂ ಪ್ರಕಾರ ಮೂಲ ಸಾರಿಗೆ ಕಚೇರಿಯ ಎನ್‌ಒಸಿ ಬೇಕು, ಅದಕ್ಕೆ ಫಾರಂ 28. ಹೊರ ರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ 47ನೇ ಕಲಂ ಪ್ರಕಾರ ಇಲ್ಲಿನ ನಂಬರು ಪಡೆಯಲೇಬೇಕು, ಬಂಟ್ವಾಳ ತಾಲೂಕಿನವರಿಗೆ ಅದು ಕೆಎ-70. ಗಾಡಿಯ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಅಲ್ಲಿ ಉಳಿದ ತೆರಿಗೆಯನ್ನು ಹಿಂದೆ ಪಡೆಯಲು ದಾರಿಯಿದೆ, ಆದರೆ ಓಡಾಟ ನಿಮ್ಮದು. ತೆರಿಗೆಯ ಮೊತ್ತವನ್ನು ಸಾರಿಗೆ ಕಚೇರಿಯಲ್ಲಿ ಕೇಳಿ ತಿಳಿದುಕೊಂಡ ಮೇಲೆಯೇ ಚೌಕಾಸಿಗೆ ಕುಳಿತುಕೊಳ್ಳಿ. 2018ರ ಕೇರಳದ ನೆರೆಯಲ್ಲಿ, 2019ರ ಆಗಸ್ಟಿನಲ್ಲಿ ಬೆಳ್ತಂಗಡಿ, ಬಂಟ್ವಾಳದ ನೆರೆಯಲ್ಲಿ ನೀರು ಕಂಡ ಗಾಡಿಗಳೂ ಇರಬಹುದು. ಮಾರುವವರಿಂದ ವಿಮಾ ಕ್ಲೇಮಿನ ಮಾಹಿತಿ ಕೇಳುವುದು ನಿಮ್ಮ ಹಕ್ಕು.

ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರು ಹಾಕಿದರೆ ನೋಂದಣಿಯ ದಿನಾಂಕ, ವಿಮೆಯ ಅವಧಿ, ಫಿಟ್‌ನೆಸ್, ಸಾಲದ ನಮೂದು ಕಾಣುತ್ತದೆ. ಇ-ಚಲನ್ ಬಾಕಿಯನ್ನೂ ನೋಡಿ. ಕೇರಳದಲ್ಲಿ 2023ರ ಜೂನ್‌ನಿಂದ ಎಐ ಕ್ಯಾಮರಾಗಳು ದಂಡ ಹಾಕುತ್ತಿವೆ. ಆಸ್ಪತ್ರೆಗೆಂದು ಮಂಗಳೂರಿಗೆ ಹೋದಷ್ಟೇ ಸಲೀಸಾಗಿ ಕಾಸರಗೋಡಿಗೂ ಹೋಗಿ ಬರುವ ನಮ್ಮ ಗಾಡಿಗಳ ಮೇಲೆ ಮಾಲಕನಿಗೇ ಗೊತ್ತಿಲ್ಲದ ಬಾಕಿ ಇರುವುದುಂಟು. ಕಳವಿನ ಗಾಡಿಯೇ ಎಂದು ತಿಳಿಯಲು ಎನ್‌ಸಿಆರ್‌ಬಿಯ ‘ವಾಹನ್ ಸಮನ್ವಯ’ ಇದೆ. ಚಾಸಿ ನಂಬರನ್ನು ಆರ್‌ಸಿಯ ಜತೆ ಅಕ್ಷರ ಅಕ್ಷರ ತಾಳೆ ಹಾಕಿ. ಕದ್ದ ಮಾಲನ್ನು ಪ್ರಾಮಾಣಿಕವಾಗಿ ಹಣ ಕೊಟ್ಟು ಕೊಂಡರೂ, ಸರಕು ಮಾರಾಟ ಕಾಯ್ದೆ 1930ರ ಪ್ರಕಾರ ಮಾರಿದವನಿಗಿಲ್ಲದ ಹಕ್ಕು ನಿಮಗೆ ಬರುವುದಿಲ್ಲ.

ಖಾಸಗಿ ಗಾಡಿಯ ಆರ್‌ಸಿ 15 ವರ್ಷ ನಡೆಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕವೇ 5000 ರೂಪಾಯಿಗೆ ಏರಿತು. 14 ವರ್ಷದ ಓಮ್ನಿಯ ಬೆಲೆಯಲ್ಲಿ ಈ ಖರ್ಚನ್ನು ಕಡಿದೇ ಮಾತಾಡಿ. ಹಳದಿ ಬೋರ್ಡಿನ ಗಾಡಿಯಾದರೆ ಪರ್ಮಿಟ್ ಒಪ್ಪಿಸಿ, ತೆರಿಗೆಯ ವ್ಯತ್ಯಾಸ ಕಟ್ಟಿ, ಆರ್‌ಸಿಯಲ್ಲಿ ಖಾಸಗಿ ಎಂದು ಬದಲಾಗಬೇಕು. ಪ್ಲೇಟಿಗೆ ಬಿಳಿ ಬಣ್ಣ ಬಳಿದರೆ ಆಗಲಿಲ್ಲ. ಹಾಗೆಯೇ ಬಿಳಿ ಬೋರ್ಡಿನ ಗಾಡಿಯಲ್ಲಿ ಪೆಟ್ರೋಲ್ ಖರ್ಚಿಗೆಂದು ಬಾಡಿಗೆ ಹೋಗಬೇಡಿ. ಪರ್ಮಿಟ್ ಉಲ್ಲಂಘನೆಯ ಕೇಸು ಒಂದು ಕಡೆ, ವಿಮೆ ಕೈಬಿಡುವುದು ಇನ್ನೊಂದು ಕಡೆ.

ವ್ಯವಹಾರ ಕುದುರಿದರೆ ಕರಾರು ಪತ್ರದಲ್ಲಿ ಗಾಡಿ ಕೊಟ್ಟ ದಿನಾಂಕದ ಜತೆ ಗಂಟೆಯನ್ನೂ ಬರೆಯಿರಿ. ಆ ದಿನ ಸಂಜೆ ಅಪಘಾತವಾದರೆ ಗಾಡಿ ಯಾರ ಕೈಯಲ್ಲಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಹಣ ಬ್ಯಾಂಕ್ ಮೂಲಕ ಹೋಗಲಿ. ಎರಡು ಲಕ್ಷ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ಡೀಲರಿನಿಂದ ಕೊಳ್ಳುವುದಾದರೆ ಅಧಿಕೃತ ಪ್ರಮಾಣಪತ್ರ ಕೇಳಿ. 2023ರ ಏಪ್ರಿಲ್ 1ರಿಂದ ಹಳೆ ಗಾಡಿಯ ವ್ಯಾಪಾರಿಗಳಿಗೆ ಐದು ವರ್ಷ ಅವಧಿಯ ಫಾರಂ 29ಬಿ ಬಂದಿದೆ, ಮಾಲಕ ಡೀಲರಿಗೆ ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ತಿಳಿಸಬೇಕು. ಡೀಲರ್ ದೋಷ ಮುಚ್ಚಿಟ್ಟು ಮಾರಿದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಎರಡು ವರ್ಷಗಳೊಳಗೆ ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಸಹಾಯವಾಣಿ 1915. ನೆರೆಮನೆಯವರಿಂದಲೋ ಸಂಬಂಧಿಕರಿಂದಲೋ ಕೊಂಡಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುವಂತಿಲ್ಲ. ಸಿವಿಲ್ ದಾವೆ, ಮೋಸವಿದ್ದರೆ ಪೊಲೀಸ್ ದೂರು ಇಷ್ಟೇ ದಾರಿ. ವಕೀಲರ ಫೀಸಿನ ಚಿಂತೆಯಿದ್ದರೆ ಬಂಟ್ವಾಳ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಕಾನೂನು ನೆರವಿನ ಸಹಾಯವಾಣಿ 15100.