ಬೀದಿಯಲ್ಲಿ ಕುಳಿತು ಚಿತ್ರ ಬರೆಯುವುದು: ಹೊಸ ಅಗ್ರಹಾರದ ನಾಲ್ಕು ಪಾಠಗಳು

ಏಳನೇ ತರಗತಿಯ ಮಕ್ಕಳಿಗೆ ‘ನಿಮ್ಮ ಊರಿನ ಚಿತ್ರ ಬರೆಯಿರಿ’ ಎಂದು ಹೇಳಿ ನೋಡಿ. ಹೆಚ್ಚಿನವರ ಹಾಳೆಯಲ್ಲಿ ಎರಡು ಬೆಟ್ಟ, ಅವುಗಳ ನಡುವೆ ಹುಟ್ಟುವ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ದಡದಲ್ಲಿ ತ್ರಿಕೋನದ ಸೂರಿನ ಮನೆ, ಪಕ್ಕಕ್ಕೊಂದು ತೆಂಗಿನ ಮರ ಇರುತ್ತದೆ. ಕೃಷ್ಣರಾಜನಗರದ ಕಡೆಯದು ನಾಲೆ ನೀರಿನ ಭತ್ತದ ಸೀಮೆ. ಹೊಸ ಅಗ್ರಹಾರದ ಮಗು ಮನೆ ಬಾಗಿಲಲ್ಲಿ ನಿಂತರೆ ಕಾಣುವುದು ಎದುರು ಮನೆಯ ಜಗಲಿ, ಕರೆಂಟು ಕಂಬ, ಟ್ರ್ಯಾಕ್ಟರು, ಕಟ್ಟಿಹಾಕಿದ ಹಸು, ಆಚೆಗೆ ಗದ್ದೆ. ಇವು ಯಾವುವೂ ಹಾಳೆಗೆ ಬರುವುದಿಲ್ಲ.

ಇದೇ ಕೆಲಸವನ್ನು ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಕೊಟ್ಟಾಗಲೂ ಅದೇ ಎರಡು ಬೆಟ್ಟಗಳು ಬಂದವು. ಯಾರೋ ಒಬ್ಬ ಶಿಕ್ಷಕರು ಕಪ್ಪುಹಲಗೆಯ ಮೇಲೆ ಬರೆದ ಚಿತ್ರ ಇವರ ಕೈಗೆ ಬಂದಿದೆ, ಇವರ ಕೈಯಿಂದ ಮುಂದಿನ ಮಕ್ಕಳಿಗೆ ಹೋಗುತ್ತದೆ. ಕಣ್ಣೆದುರಿನ ಊರು ಹೀಗೆ ತಲೆಮಾರುಗಟ್ಟಲೆ ಚಿತ್ರಪುಸ್ತಕದ ಹೊರಗೇ ಉಳಿಯುತ್ತದೆ. ಈ ಸರಪಳಿಯನ್ನು ಎಲ್ಲಿ ಕಡಿಯಬಹುದು ಎಂದು ನೋಡಲು ಬೋಧನಾಭ್ಯಾಸದ ಅವಧಿಯಲ್ಲಿ ಆರು ಮಂದಿ ಪ್ರಶಿಕ್ಷಣಾರ್ಥಿಗಳೊಂದಿಗೆ ಹೊಸ ಅಗ್ರಹಾರದಲ್ಲಿ ನಾಲ್ಕು ಶನಿವಾರ ಬೆಳಗಿನ ತರಗತಿಗಳನ್ನು ಬೀದಿಯಲ್ಲೇ ನಡೆಸಿದೆವು. ಅದರ ಕ್ರಮ ಮತ್ತು ಅವಲೋಕನ ಈ ಲೇಖನದಲ್ಲಿದೆ.

ಹಿನ್ನೆಲೆ

ಸ್ಥಳದಲ್ಲೇ ಕುಳಿತು, ಕಂಡದ್ದನ್ನು ಆಗಲೇ ಬರೆಯುವ ಅಭ್ಯಾಸಕ್ಕೆ ಈಗ ಜಗತ್ತಿನಾದ್ಯಂತ ‘ಅರ್ಬನ್ ಸ್ಕೆಚಿಂಗ್’ ಎಂಬ ಹೆಸರಿದೆ. ಅಮೆರಿಕದ ಸಿಯಾಟಲ್ ನಗರದ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಇಂಥ ಚಿತ್ರಕಾರರನ್ನು ಒಂದೆಡೆ ಸೇರಿಸಿದರು. ಛಾಯಾಚಿತ್ರ ನೋಡಿ ಬರೆಯುವಂತಿಲ್ಲ, ನೆನಪಿನಿಂದ ಬರೆಯುವಂತಿಲ್ಲ, ಜಾಗ ಮತ್ತು ಸಮಯಕ್ಕೆ ಚಿತ್ರ ನಿಷ್ಠವಾಗಿರಬೇಕು ಎಂಬುದು ಅವರ ನಿಯಮ. ಬೆಂಗಳೂರಿನಲ್ಲಿ ‘ಪೆನ್ಸಿಲ್ ಜ್ಯಾಮ್’ ಬಳಗದವರು ವಾರಾಂತ್ಯದಲ್ಲಿ ಒಟ್ಟಾಗಿ ಹೊರಗೆ ಕುಳಿತು ಬರೆಯುವುದು ಹಲವರಿಗೆ ಗೊತ್ತಿದೆ.

ಹೆಸರು ಹೊಸದಾದರೂ ಕೆಲಸ ನಮ್ಮಲ್ಲಿ ಹಳೆಯದು. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ರುಮಾಲೆ ಚೆನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಮರಗಳನ್ನೂ ರಸ್ತೆಗಳನ್ನೂ ಸ್ಥಳದಲ್ಲೇ ನಿಂತು ಚಿತ್ರಿಸಿದವರು. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಬಾಲ್ಯದಲ್ಲಿ ಕಿಟಕಿಯಾಚೆ ಕಾಣುತ್ತಿದ್ದ ಒಣಕಡ್ಡಿ, ಸೌದೆ ಒಡೆಯುವ ಆಳು, ಎದುರು ಸೂರಿನ ಮೇಲೆ ಕೂತ ಕಾಗೆಗಳನ್ನು ಬರೆಯುತ್ತಿದ್ದುದನ್ನು ಹೇಳಿಕೊಂಡಿದ್ದಾರೆ. ಮುಂದೆ ದೇಶಕ್ಕೆಲ್ಲ ಪರಿಚಿತವಾದ ಆ ಗೆರೆ ಪಳಗಿದ್ದು ಕಿಟಕಿಯ ಮುಂದೆ.

‘ನಗರ’ ಎಂಬ ಮಾತಿಗೆ ಹೆದರಬೇಕಿಲ್ಲ. ಮನೆ, ಬೀದಿ, ಓಡಾಡುವ ಜನ ಇದ್ದಲ್ಲೆಲ್ಲ ಈ ಪಾಠ ನಡೆಯುತ್ತದೆ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಕಲೆಯನ್ನು ಶಾಲೆಯ ಎಲ್ಲ ಹಂತಗಳಲ್ಲೂ ಒಂದು ವಿಷಯವಾಗಿ ಕಲಿಸಲು ಹೇಳಿದೆ. ಬಿ.ಇಡಿ. ಪಠ್ಯಕ್ರಮದಲ್ಲೂ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಸೇರಿದೆ. ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆಯಲ್ಲಿ ಈ ಹೊಣೆ ಗಣಿತದವರ, ಸಮಾಜ ವಿಜ್ಞಾನದವರ ಹೆಗಲಿಗೇ ಬರುತ್ತದೆ.

ಪೂರ್ವಸಿದ್ಧತೆ

ಬರೆಯದ ಶಿಕ್ಷಕರು ಬರೆಯಿಸಲಾರರು. ಆದ್ದರಿಂದ ಶಾಲೆಗೆ ಹೋಗುವ ಮೊದಲು ಪ್ರಶಿಕ್ಷಣಾರ್ಥಿಗಳು ಎರಡು ಭಾನುವಾರ ತಾವೇ ಹೊರಗೆ ಕುಳಿತರು. ಮೊದಲ ವಾರ ಕೆ.ಆರ್. ನಗರದ ರೈಲು ನಿಲ್ದಾಣ, ಎರಡನೇ ವಾರ ಎಡತೊರೆಯಲ್ಲಿ ಕಾವೇರಿ ದಡದ ಅರ್ಕೇಶ್ವರ ದೇವಾಲಯದ ಬಳಿ. ರೈಲು ನಿಲ್ದಾಣದಲ್ಲಿ ಎಲ್ಲರಿಗೂ ಎದುರಾದ ತೊಡಕು ಚಿತ್ರದ್ದಲ್ಲ, ನಾಚಿಕೆಯದು. ಹಿಂದೆ ನಿಂತು ಯಾರೋ ಇಣುಕಿದ ಕೂಡಲೇ ಪುಸ್ತಕ ಮುಚ್ಚಿಕೊಳ್ಳುತ್ತಿದ್ದರು. ಇದಕ್ಕೆ ಎರಡು ಉಪಾಯ ಫಲ ಕೊಟ್ಟವು: ಗೋಡೆಗೆ ಬೆನ್ನು ಕೊಟ್ಟು ಕೂರುವುದು, ಇಣುಕಿದವರನ್ನು ‘ಆ ಕಂಬ ಇಷ್ಟೇ ಎತ್ತರ ಕಾಣುತ್ತಾ ನಿಮಗೆ?’ ಎಂದು ಮಾತಿಗೆಳೆಯುವುದು. ಮಕ್ಕಳಿಗೂ ಇದೇ ನಾಚಿಕೆ ಕಾಡುತ್ತದೆ ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಅನುಭವದಿಂದ ತಿಳಿದು ಶಾಲೆಗೆ ಬಂದರು.

ಸಾಮಗ್ರಿ ಇಷ್ಟೇ: ಬರೆಯದ ಹಾಳೆ, ಆನಿಸಿಕೊಳ್ಳಲು ರಟ್ಟು, ಒಂದು ಕ್ಲಿಪ್ಪು, ಪೆನ್ಸಿಲ್ ಅಥವಾ ಬಾಲ್‌ಪೆನ್ನು, ಹಳೆಯ ಲಗ್ನಪತ್ರಿಕೆ. ರಬ್ಬರ್ ಮನೆಯಲ್ಲೇ ಇರಲಿ. ತಪ್ಪಿದ ಗೆರೆಯ ಪಕ್ಕದಲ್ಲೇ ಸರಿಯಾದ ಗೆರೆ ಎಳೆಯಬೇಕು. ಎರಡೂ ಉಳಿದರೆ ಕಣ್ಣು ಎಲ್ಲಿ ತಿದ್ದಿಕೊಂಡಿತು ಎಂಬುದು ಶಿಕ್ಷಕರಿಗೆ ಕಾಣುತ್ತದೆ.

ಮೊದಲ ಪಾಠ: ಚೌಕಟ್ಟು

ಬೀದಿಯಲ್ಲಿ ಕೂತ ಮಗುವಿನ ಮೊದಲ ಪ್ರಶ್ನೆ, ‘ಮಿಸ್, ಏನ್ ಬರೀಬೇಕು?’ ಎಲ್ಲವೂ ಕಾಣುವುದೇ ಕಷ್ಟ. ಲಗ್ನಪತ್ರಿಕೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಿಂಡಿ ಕತ್ತರಿಸಿ, ಒಂದು ಕಣ್ಣು ಮುಚ್ಚಿ ಅದರೊಳಗಿಂದ ನೋಡಲು ಹೇಳಿದೆವು. ಕಿಂಡಿಯನ್ನು ಕಣ್ಣ ಹತ್ತಿರ ತಂದರೆ ಇಡೀ ಮನೆ ಸಿಗುತ್ತದೆ, ದೂರ ಹಿಡಿದರೆ ಬಾಗಿಲು ಮಾತ್ರ. ಪ್ರತಿ ಮಗುವೂ ಮೂರು ನೋಟ ಆರಿಸಿ, ಒಂದೊಂದನ್ನೂ 2 ನಿಮಿಷದಲ್ಲಿ ಅಂಗೈಯಗಲದ ಚೌಕದಲ್ಲಿ ಬರೆಯಬೇಕು. ಮೂರರಲ್ಲಿ ಒಂದನ್ನು ಆರಿಸಿ, ಏಕೆ ಆರಿಸಿದೆ ಎಂದು ಒಂದು ವಾಕ್ಯ ಬರೆಯಬೇಕು. ಆ ದಿನ ಅಷ್ಟೇ. ಸೂರ್ಯನೂ ಬೆಟ್ಟವೂ ಅಂದೇ ಮಾಯವಾದವು, ಏಕೆಂದರೆ ಕಿಂಡಿಯೊಳಗೆ ಅವು ಇರಲಿಲ್ಲ.

ಎರಡನೇ ಪಾಠ: ಅಳತೆ ಮತ್ತು ಕಣ್ಣಿನ ಮಟ್ಟ

ತೋಳನ್ನು ಪೂರ್ತಿ ಚಾಚಿ, ಮೊಣಕೈ ಬಗ್ಗಿಸದೆ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಎದುರಿನ ಬಾಗಿಲಿನ ಎತ್ತರವನ್ನು ಹೆಬ್ಬೆರಳಿನಿಂದ ಗುರುತಿಸುವುದು. ಅದೇ ಅಳತೆಯನ್ನು ಅಡ್ಡ ತಿರುಗಿಸಿ, ಮನೆಯ ಮುಂಭಾಗದಲ್ಲಿ ಎಷ್ಟು ಬಾಗಿಲು ಹಿಡಿಸುತ್ತವೆ ಎಂದು ಎಣಿಸುವುದು. ಮೊಣಕೈ ಬಗ್ಗಿದರೆ ಅಳತೆ ಬದಲಾಗುತ್ತದೆ. ಇದನ್ನು ಮಕ್ಕಳೇ ಒಬ್ಬರನ್ನೊಬ್ಬರು ಪರೀಕ್ಷಿಸಿ ಕಂಡುಕೊಂಡರು. ಹಳೆಯ ಮನೆಗಳ ಬಾಗಿಲು ಗಿಡ್ಡ, ಗೋಡೆ ಉದ್ದ. ಬಾಗಿಲನ್ನು ಗೋಡೆಯಷ್ಟೇ ಎತ್ತರ ಬರೆಯುತ್ತಿದ್ದವರು ಸಂಖ್ಯೆ ನೋಡಿ ಬೆರಗಾದರು. ಗಣಿತದ ಪ್ರಶಿಕ್ಷಣಾರ್ಥಿ ಇಲ್ಲಿಂದಲೇ ಅನುಪಾತದ ಪಾಠ ಎತ್ತಿಕೊಂಡರು.

ಕಣ್ಣಿನ ಮಟ್ಟ ತಿಳಿಯಲು ರಟ್ಟನ್ನು ಅಡ್ಡಲಾಗಿ ಹಿಡಿದು, ಅದರ ಮೇಲ್ಭಾಗವೂ ಕೆಳಭಾಗವೂ ಕಾಣದೆ ಬರೀ ಅಂಚು ಕಾಣುವವರೆಗೆ ಏರಿಸಬೇಕು. ಆ ಅಂಚು ಎದುರಿನ ಗೋಡೆಯಲ್ಲಿ ಎಲ್ಲಿ ತಾಗುತ್ತದೋ ಅದೇ ಕಣ್ಣಿನ ಮಟ್ಟ. ಹಾಳೆಯ ಮೇಲೆ ಅದನ್ನು ತೆಳುವಾಗಿ ಎಳೆದ ಮೇಲೆ ಒಂದು ನಿಯಮ ಸಾಕು: ದೂರಕ್ಕೆ ಸಾಗುವ ಗೆರೆಗಳಲ್ಲಿ ಕಣ್ಣಿಗಿಂತ ಮೇಲಿರುವುದು ಈ ಗೆರೆಯ ಕಡೆಗೆ ಇಳಿಯುತ್ತದೆ, ಕೆಳಗಿರುವುದು ಏರುತ್ತದೆ. ಸೂರಿನ ಅಂಚು ಇಳಿಯಿತು, ಜಗಲಿಯ ಅಂಚು ಏರಿತು. ಎದ್ದು ನಿಂತರೆ ಮಟ್ಟದ ಗೆರೆಯೂ ಏಳುತ್ತದೆ. ಹಾಗಾಗಿ ಒಂದು ಚಿತ್ರ ಮುಗಿಯುವವರೆಗೆ ಕೂತವರು ಕೂತೇ ಇರಬೇಕು.

ಈ ಪಾಠದ ನಡುವೆ, ಪೆನ್ಸಿಲ್ ಚಾಚಿ ಅಳೆಯುತ್ತಿದ್ದ ಮಕ್ಕಳನ್ನು ಕಂಡು ಎದುರು ಮನೆಯ ಅಜ್ಜಿ ಹೊರಗೆ ಬಂದರು. ‘ಏನವ್ವಾ, ಮನೆ ಅಳತೆ ತಗೋತಾ ಇದೀರಾ? ಕಂದಾಯ ಏರ್ಸಕ್ಕಾ?’ ಪ್ರಶಿಕ್ಷಣಾರ್ಥಿ ಎದ್ದು ಹೋಗಿ, ಮಕ್ಕಳು ಚಿತ್ರ ಬರೆಯುತ್ತಿದ್ದಾರೆಂದು ಹಾಳೆ ತೋರಿಸಿದರು. ಅಜ್ಜಿ ಒಂದು ಗಳಿಗೆ ನೋಡಿ, ‘ಹಂಗಾದ್ರೆ ಆ ಮೂಲೆ ಕಂಬಾನೂ ಸೇರ್ಸಿ ಬರೀರವ್ವ. ನಮ್ಮ ಯಜಮಾನ್ರು ನಿಲ್ಸಿದ್ದು. ಸುಗ್ಗಿ ಕಳೆದ್ಮೇಲೆ ಕೆಡವಿ ಆರ್‌ಸಿಸಿ ಹಾಕ್ತಾವ್ರೆ’ ಎಂದರು. ಮಕ್ಕಳು ಆ ಕಂಬವನ್ನು ಅದುವರೆಗೆ ಬರೆದಿರಲಿಲ್ಲ. ಆಮೇಲೆ ಹತ್ತಿರ ಹೋಗಿ ನೋಡಿದರು: ಬುಡ ದಪ್ಪ, ನೆತ್ತಿ ಸಣ್ಣ, ಮಧ್ಯೆ ಹಸು ಉಜ್ಜಿ ಉಜ್ಜಿ ನುಣುಪಾದ ಜಾಗ. ಅಂದು ಬರೆದವುಗಳಲ್ಲಿ ಎಲ್ಲರೂ ಹೆಚ್ಚು ಜಾಗ್ರತೆಯಿಂದ ಬರೆದದ್ದು ಆ ಕಂಬವನ್ನು. ಅನುಮತಿ ಕೇಳುವುದು ಬರೀ ಮರ್ಯಾದೆಯ ಮಾತಲ್ಲ. ಏನನ್ನು ನೋಡಬೇಕು ಎಂಬುದನ್ನು ಮನೆಯವರೇ ಹೇಳಿಕೊಡುತ್ತಾರೆ.

ಮೂರನೇ ಪಾಠ: ದೊಡ್ಡದು ಮೊದಲು, ನೆರಳು, ಹೆಂಚು

ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ವಿವರ ಕರಗಿ, ಬೆಳಕಿನ ಭಾಗ, ಕತ್ತಲ ಭಾಗ ಎರಡೇ ಉಳಿಯುತ್ತವೆ. ಸೂರು, ಗೋಡೆ, ಜಗಲಿಯ ಕೆಳಗಿನ ನೆರಳು ಹೀಗೆ ನಾಲ್ಕೈದು ದೊಡ್ಡ ಆಕಾರಗಳನ್ನು 5 ನಿಮಿಷದಲ್ಲಿ ಹಾಕಿಕೊಂಡ ಮೇಲೆಯೇ ಕಿಟಕಿ ಸರಳಿಗೆ ಕೈಹಾಕಬೇಕು. ಆಕಾಶದಲ್ಲಿ ಸೂರ್ಯ ಗಂಟೆಗೆ 15 ಡಿಗ್ರಿಯಷ್ಟು ಸರಿಯುವುದರಿಂದ ನೆರಳಿನ ಅಂಚನ್ನು ಆರಂಭದಲ್ಲೇ ಗುರುತಿಸಿ, ಕೊನೆಯವರೆಗೂ ಬದಲಿಸದಿರುವುದು ಒಳ್ಳೆಯದು. ನೆರಳನ್ನು ಹಿಂಬಾಲಿಸಿದ ಚಿತ್ರದಲ್ಲಿ ಎರಡು ಸೂರ್ಯ ಇರುತ್ತಾರೆ.

ಹೆಂಚು ಮಕ್ಕಳ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಒಂದೊಂದನ್ನೂ ಬರೆಯಹೊರಟವರು ಎರಡನೇ ಸಾಲಿಗೇ ಸೋಲುತ್ತಾರೆ. ಅಂಚಿನ ಸಾಲನ್ನು ಸರಿಯಾಗಿ ಬರೆದು, ಮಧ್ಯೆ ಅಲ್ಲಲ್ಲಿ ನಾಲ್ಕಾರು ಹೆಂಚು ತೋರಿಸಿದರೆ ಉಳಿದದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ. ಆದರೆ ಯಾವ ಹೆಂಚು ಎಂಬುದು ಗೊತ್ತಿರಬೇಕು. ನಾಡಹೆಂಚಿನ ಅಂಚು ಅಲೆ ಅಲೆಯಾಗಿರುತ್ತದೆ. ಮಂಗಳೂರು ಹೆಂಚು ಚಪ್ಪಟೆ, ಸಾಲು ನೇರ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹರಡಿದ ಹೆಂಚು ಇದು. ಬೀದಿಯ ಯಾವ ಮನೆಗೆ ಯಾವ ಹೆಂಚು, ಯಾವುದಕ್ಕೆ ತಗಡು, ಯಾವುದು ಆರ್‌ಸಿಸಿ ಎಂದು ಚಿತ್ರದ ಪಕ್ಕದಲ್ಲಿ ಮಕ್ಕಳು ಬರೆದ ಪಟ್ಟಿ ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗೆ ಮುಂದಿನ ವಾರದ ಪಾಠವಾಯಿತು.

ನಾಲ್ಕನೇ ಪಾಠ: ನಿಲ್ಲದವರನ್ನು ಬರೆಯುವುದು

ಜನರಿಲ್ಲದ ಬೀದಿ ಬಿಕೋ ಎನ್ನುತ್ತದೆ. ಆದರೆ ಜನ ನಿಲ್ಲುವುದಿಲ್ಲ, ಹಸು ಹೇಳಿದ ಮಾತು ಕೇಳುವುದಿಲ್ಲ. ಮೊದಲಿಗೆ 1 ನಿಮಿಷದ ಚಿತ್ರಗಳು: ತಲೆ, ಬೆನ್ನಿನ ಬಾಗು, ಕಾಲಿನ ಭಾರ ಎಲ್ಲಿ ಬಿದ್ದಿದೆ, ಇಷ್ಟು ಮಾತ್ರ. ಮುಖ ಬೇಡ. ಬಿಂದಿಗೆ ಹೊತ್ತವರ ಸೊಂಟ ಒಂದು ಕಡೆಗೆ ವಾಲುತ್ತದೆ. ಅದು ಸಿಕ್ಕರೆ ಬಿಂದಿಗೆ ಬರೆಯದಿದ್ದರೂ ಭಾರ ಕಾಣುತ್ತದೆ. ಒಬ್ಬರು ಹೋದರೆ ಅದೇ ಕೆಲಸಕ್ಕೆ ಬರುವ ಇನ್ನೊಬ್ಬರನ್ನು ನೋಡಿ ಅರ್ಧ ಚಿತ್ರ ಮುಗಿಸಬಹುದು.

ದೊಡ್ಡವರನ್ನು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಕಣ್ಣಿನ ಮಟ್ಟದ ಗೆರೆಯೇ ಉತ್ತರ. ಸಮತಟ್ಟಾದ ಬೀದಿಯಲ್ಲಿ ನಾವು ನಿಂತು ಬರೆಯುತ್ತಿದ್ದರೆ, ನಮ್ಮಷ್ಟೇ ಎತ್ತರದವರ ಕಣ್ಣು ಹತ್ತಿರವಿದ್ದರೂ ದೂರವಿದ್ದರೂ ಆ ಗೆರೆಯ ಮೇಲೇ ಬರುತ್ತದೆ. ಅವರ ಪಾದ ಮಾತ್ರ ಮೇಲೆ ಕೆಳಗೆ ಸರಿಯುತ್ತದೆ. ಕೂತು ಬರೆದರೆ ಗೆರೆ ಎಲ್ಲರ ಸೊಂಟವನ್ನೋ ಎದೆಯನ್ನೋ ಒಂದೇ ಎತ್ತರದಲ್ಲಿ ಹಾಯುತ್ತದೆ. ಈ ಒಂದು ಸೂತ್ರದಿಂದ ಗಾಳಿಯಲ್ಲಿ ತೇಲುತ್ತಿದ್ದ ಮನುಷ್ಯರು ನೆಲಕ್ಕಿಳಿದರು.

ಅವಲೋಕನ

ಮೊದಲ ವಾರದ ಮತ್ತು ನಾಲ್ಕನೇ ವಾರದ ಹಾಳೆಗಳನ್ನು ಗೋಡೆಗೆ ಅಕ್ಕಪಕ್ಕ ಅಂಟಿಸಿದೆವು. ಗೆರೆಗಳು ಅಷ್ಟೇನೂ ನಾಜೂಕಾಗಿರಲಿಲ್ಲ. ಆದರೆ ಮೊದಲ ಸಾಲಿನ ಚಿತ್ರಗಳು ಯಾರದ್ದು ಯಾವುದೆಂದು ತಿಳಿಯುತ್ತಿರಲಿಲ್ಲ; ಕೊನೆಯ ಸಾಲಿನಲ್ಲಿ ಮಕ್ಕಳು ‘ಇದು ಡೇರಿ ಹತ್ರದ್ದು, ಇದು ನಮ್ಮ ಅತ್ತೆ ಮನೆ’ ಎಂದು ಬೆರಳಿಟ್ಟು ಹೇಳುತ್ತಿದ್ದರು. ಓದುವಾಗ ತಡವರಿಸಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಬಾಗಿಲಿನ ಅಳತೆಯಲ್ಲಿ ಎಲ್ಲರಿಗಿಂತ ನಿಖರನಾಗಿದ್ದ. ಉಳಿದವರು ತಮ್ಮ ಎಣಿಕೆಯನ್ನು ಅವನ ಬಳಿ ತಾಳೆ ನೋಡಲು ಬಂದರು. ಅವನ ವಿಷಯದಲ್ಲಿ ತರಗತಿ ಶಿಕ್ಷಕರು ಹೇಳಿದ್ದು, ‘ಇವನು ಇಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ.’

ಮೌಲ್ಯಮಾಪನಕ್ಕೆ ನಾವು ‘ಚೆನ್ನಾಗಿದೆ’ ಎಂಬ ಮಾತನ್ನು ಬಳಸಲಿಲ್ಲ. ನಾಲ್ಕು ಪ್ರಶ್ನೆಗಳಿದ್ದವು:

1. ಚಿತ್ರ ನೋಡಿ ಆ ಜಾಗವನ್ನು ಬೇರೊಬ್ಬರು ಹುಡುಕಬಲ್ಲರೇ?
2. ಯಾವುದಾದರೂ ಎರಡು ವಸ್ತುಗಳ ಅಳತೆ ಹೋಲಿಸಿ ಬರೆದಿದ್ದಾರೆಯೇ?
3. ಕಣ್ಣಿನ ಮಟ್ಟ ಉದ್ದಕ್ಕೂ ಒಂದೇ ಆಗಿದೆಯೇ?
4. ಅಲ್ಲಿ ಹೋಗಿ ಕೂತಿದ್ದರಿಂದಲೇ ತಿಳಿಯುವಂಥ ಒಂದು ವಿವರ ಇದೆಯೇ?

ನಾಲ್ಕನೆಯದಕ್ಕೆ ಹೆಚ್ಚು ತೂಕ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಹಸು ಉಜ್ಜಿದ ಕಂಬದ ನುಣುಪು ಅಂಥ ವಿವರ.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಮುಖ್ಯೋಪಾಧ್ಯಾಯರ ಅನುಮತಿ ಮೊದಲೇ ಪಡೆಯಿರಿ. ಬೀದಿಯವರಿಗೆ ಹಿಂದಿನ ದಿನವೇ ತಿಳಿಸಿ. ವಾಹನ ಓಡಾಡುವ ರಸ್ತೆ ಬಿಟ್ಟು ಜಗಲಿ, ಅರಳಿಕಟ್ಟೆಯಂಥ ಜಾಗ ಆರಿಸಿ. ಬಿಸಿಲೇರುವ ಮುನ್ನ ಮುಗಿಸಿ, ಕುಡಿಯುವ ನೀರು ಜೊತೆಗಿರಲಿ. ಐದು ಮಕ್ಕಳಿಗೆ ಒಬ್ಬರಂತೆ ಹಂಚಿಕೊಂಡರೆ ನಿಗಾ ಸುಲಭ.

ಮಕ್ಕಳ ಹಾಳೆಯ ಮೇಲೆ ನಿಮ್ಮ ಗೆರೆ ಎಳೆಯಬೇಡಿ. ತೋರಿಸಬೇಕೆನಿಸಿದರೆ ನಿಮ್ಮದೇ ಹಾಳೆಯಲ್ಲಿ, ಅವರ ಪಕ್ಕದಲ್ಲಿ ಕೂತು, ಅವರ ಎತ್ತರದಿಂದ ನೋಡಿ ಬರೆಯಿರಿ. ನಿಂತವರಿಗೆ ಕಾಣುವ ಬೀದಿಯೇ ಬೇರೆ. ‘ನನಗೆ ಚಿತ್ರ ಬರಲ್ಲ’ ಎನ್ನುವ ಮಗುವಿಗೆ ‘ಬರುತ್ತೆ’ ಎಂದು ಸಮಾಧಾನ ಹೇಳುವ ಬದಲು ‘ಆ ಕಿಟಕಿಯಲ್ಲಿ ಎಷ್ಟು ಸರಳಿವೆ?’ ಎಂದು ಕೇಳಿ. ಎಣಿಸಿದ ಮಗು ಬರೆಯಲು ತೊಡಗುತ್ತದೆ.

ಪ್ರತಿ ಹಾಳೆಯ ಮೂಲೆಯಲ್ಲಿ ಊರು, ಬೀದಿ, ದಿನಾಂಕ, ಸಮಯ ಬರೆಯಿಸಿ. ನೀವೂ ದಿನಕ್ಕೆ 10 ನಿಮಿಷ ಬರೆಯಿರಿ. ಬಸ್ಸಿಗೆ ಕಾಯುವ ಹೊತ್ತು ಸಾಕು. ಒಂದೇ ಜಾಗವನ್ನು ನಾಟಿಯ ಕಾಲಕ್ಕೊಮ್ಮೆ, ಕುಯಿಲಿನ ಕಾಲಕ್ಕೊಮ್ಮೆ ಬರೆದು ಜೋಡಿಸಿದರೆ ಶಾಲೆಯ ಬಳಿ ಆ ಊರಿನ ಒಂದು ದಾಖಲೆ ಉಳಿಯುತ್ತದೆ. ನಮ್ಮ ಆರು ಮಂದಿ ಬರೆದ ಹಾಳೆಗಳ ಒಂದು ಪ್ರತಿಯನ್ನು ಶಾಲೆಯ ಕಪಾಟಿನಲ್ಲಿ ಇಟ್ಟು ಬಂದಿದ್ದೇವೆ. ಮೂಲೆ ಕಂಬದ ಚಿತ್ರವನ್ನು ಅದನ್ನು ಬರೆದ ಮಕ್ಕಳೇ ಅಜ್ಜಿಯ ಮನೆಗೆ ಕೊಟ್ಟರು. ಮುಂದಿನ ತಂಡ ಹೋಗುವಾಗ ಕಪಾಟಿನ ಆ ಹಾಳೆಗಳನ್ನು ಹಿಡಿದು ಅದೇ ಜಾಗಗಳಲ್ಲಿ ಕೂರಲಿ, ಏನು ಉಳಿದಿದೆ, ಏನು ಬದಲಾಗಿದೆ ಎಂದು ಮಕ್ಕಳೊಂದಿಗೆ ಬರೆಯಲಿ.