ಚೀಲದ ಮೇಲಿನ ಪ್ರೋಟೀನ್, ಕೋಳಿಗೆ ದಕ್ಕುವ ಪ್ರೋಟೀನ್

ಕೊಚ್ಚಿ ಬಳಿಯ ತ್ರಿಪ್ಪುಣಿತ್ತುರದಿಂದ ಮುಳಂತುರುತ್ತಿ, ಪಿರವಂ ಕಡೆ ಹೋದರೆ ತೋಟಗಳ ಮರೆಯಲ್ಲಿ ಸಣ್ಣ ಸಣ್ಣ ಬ್ರಾಯ್ಲರ್ ಶೆಡ್‌ಗಳು ಸಿಗುತ್ತವೆ. ಸಾವಿರ, ಎರಡು ಸಾವಿರ ಮರಿಗಳ ಬ್ಯಾಚು. ನೋಡಿಕೊಳ್ಳುವವರು ಬಹುಪಾಲು ಮನೆಯ ಹೆಂಗಸರು. ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ‘ಕೇರಳ ಚಿಕನ್’ ಯೋಜನೆ ಇಂಥವರಿಗೆ ಮರಿ, ಮೇವು, ಔಷಧಿ ಕೊಟ್ಟು ಬೆಳೆದ ಕೋಳಿಯನ್ನು ತಾನೇ ಕೊಳ್ಳುತ್ತದೆ. ಹಾಗಿದ್ದರೂ ಕೇರಳ ತಿನ್ನುವ ಕೋಳಿಯ ದೊಡ್ಡ ಪಾಲು ಇಂದಿಗೂ ತಮಿಳುನಾಡಿನಿಂದಲೇ ಬರುತ್ತದೆ. ಮೇವಿನ ದಾರಿಯೂ ಹೆಚ್ಚುಕಡಿಮೆ ಅದೇ: ದಾವಣಗೆರೆ, ಹಾವೇರಿಯ ಮೆಕ್ಕೆಜೋಳ ತಮಿಳುನಾಡಿನ ಗಿರಣಿಗಳಲ್ಲಿ ಸೋಯಾ ಹಿಂಡಿಯ ಜೊತೆ ಸೇರಿ, ಚೀಲವಾಗಿ ಇಲ್ಲಿಗೆ ತಲುಪುತ್ತದೆ.

ಕಾಸರಗೋಡಿನಿಂದ ಬಂದು ಈ ಭಾಗದ ಶೆಡ್‌ಗಳಿಗೆ ವರ್ಷಗಟ್ಟಲೆ ಮೇವು ಒದಗಿಸಿದ ನನಗೆ ಎಲ್ಲ ಕಡೆ ಎದುರಾಗುತ್ತಿದ್ದ ಪ್ರಶ್ನೆ, ‘ಪ್ರೋಟೀನ್ ಎಷ್ಟು?’ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಅದರೊಳಗಿದೆ. ಆ ನಂಬಿಕೆಯಿಂದಲೇ ಇಲ್ಲಿನ ಸಾಕಣೆದಾರರಿಗೆ ಬಹಳ ನಷ್ಟವಾಗಿದೆ.

ಭಾರತೀಯ ಮಾನಕ ಬ್ಯೂರೋದ 2007ರ ಮಾನದಂಡದಂತೆ ಬ್ರಾಯ್ಲರ್ ಮೇವಿನಲ್ಲಿ ಪ್ರೀ-ಸ್ಟಾರ್ಟರ್‌ಗೆ ಶೇ 23, ಸ್ಟಾರ್ಟರ್‌ಗೆ 22, ಫಿನಿಶರ್‌ಗೆ 20 ಪ್ರೋಟೀನ್ ಇರಬೇಕು. ಆದರೆ ಪ್ರಯೋಗಾಲಯ ಸಾಮಾನ್ಯವಾಗಿ ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿ ‘ಕಚ್ಚಾ ಪ್ರೋಟೀನ್’ ಎಂದು ಬರೆಯುತ್ತಾರೆ. ಯೂರಿಯಾದಲ್ಲಿ ಶೇ 46 ಸಾರಜನಕವಿದೆ. ನೂರು ಕಿಲೋ ಮೇವಿಗೆ ಒಂದು ಕಿಲೋ ಯೂರಿಯಾ ಬೆರೆತರೆ ಕಾಗದದ ಮೇಲೆ ಸುಮಾರು ಮೂರು ಅಂಶ ಪ್ರೋಟೀನ್ ಏರುತ್ತದೆ. ಕೋಳಿಗೆ ಅದರಿಂದ ಏನೂ ದಕ್ಕುವುದಿಲ್ಲ. ಸೋಯಾ ಹಿಂಡಿಯ ಬೆಲೆ ಏರಿದಾಗ ಇಂಥ ಕಲಬೆರಕೆಯ ಆಸೆ ಹುಟ್ಟುವುದು ಸಹಜ. 2021ರಲ್ಲಿ ಆ ಬೆಲೆ ಎಷ್ಟು ಏರಿತೆಂದರೆ, ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅನುಮತಿ ಕೊಡಬೇಕಾಯಿತು.

ಮೇವಿಗೆ ಬೆರೆಸುವ ಮೀನುಪುಡಿಯಲ್ಲಿ ಯೂರಿಯಾ ಇದೆಯೇ ಎಂದು ಶೆಡ್ಡಿನಲ್ಲೇ ನೋಡಬಹುದು. ಮುಚ್ಚಳವಿರುವ ಎರಡು ಡಬ್ಬಿಗಳಿಗೆ ತಲಾ ಎರಡು ಚಮಚ ಮೀನುಪುಡಿ, ಸ್ವಲ್ಪ ಉಗುರುಬೆಚ್ಚಗಿನ ನೀರು ಹಾಕಬೇಕು. ಒಂದಕ್ಕೆ ಮಾತ್ರ ಹುರಿಯದ ಸೋಯಾಕಾಳಿನ ಹಿಟ್ಟು ಒಂದು ಚಮಚ ಸೇರಿಸಿ, ಎರಡನ್ನೂ ಮುಚ್ಚಿ ಕಾಲು ಗಂಟೆ ಬಿಡಬೇಕು. ಹಸಿ ಸೋಯಾದಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಸೋಯಾ ಹಾಕಿದ ಡಬ್ಬಿ ಮಾತ್ರ ಮೂಗಿಗೆ ಘಾಟು ಹೊಡೆದರೆ ಯೂರಿಯಾ ಬೆರೆತಿದೆ ಎಂದೇ ಅನುಮಾನಿಸಬೇಕು. ಎರಡರಲ್ಲೂ ಘಾಟು ಬಂದರೆ ಮೀನೇ ಹಳಸಿದ್ದು.

ನಿಜವಾದ ಪ್ರೋಟೀನ್ ಆದರೂ ಹೆಚ್ಚಾದರೆ ತೊಂದರೆಯೇ. ಕೋಳಿಗೆ ಬೇಕಾದದ್ದು ಅಮೈನೋ ಆಮ್ಲಗಳು. ಮೆಕ್ಕೆಜೋಳ–ಸೋಯಾ ಮೇವಿನಲ್ಲಿ ಮೊದಲು ಕೊರತೆಯಾಗುವುದು ಮೆಥಿಯೊನಿನ್, ಆಮೇಲೆ ಲೈಸಿನ್. ಮೆಥಿಯೊನಿನ್ ಕಡಿಮೆಯಾದರೆ ಗರಿ ಸರಿಯಾಗಿ ಬರುವುದಿಲ್ಲ, ಮರಿಗಳು ಒಂದನ್ನೊಂದು ಕುಕ್ಕತೊಡಗುತ್ತವೆ. ಈ ಕೊರತೆ ತುಂಬಲು ಇನ್ನಷ್ಟು ಹಿಂಡಿ ಸುರಿದರೆ, ಬೇಡದ ಉಳಿದ ಅಮೈನೋ ಆಮ್ಲಗಳು ದೇಹದಲ್ಲಿ ಒಡೆದು ಶಾಖವಾಗುತ್ತವೆ. ಅವುಗಳ ಸಾರಜನಕ ಯೂರಿಕ್ ಆಮ್ಲವಾಗಿ ಹಿಕ್ಕೆಯಲ್ಲಿ ಹೊರಬೀಳುತ್ತದೆ. ಅದನ್ನು ಹೊರಹಾಕಲು ಕೋಳಿ ಹೆಚ್ಚು ನೀರು ಕುಡಿಯುತ್ತದೆ, ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾಗುತ್ತದೆ.

ದಾವಣಗೆರೆಯ ಒಣ ಹವೆಯಲ್ಲಿ ಇದು ಹೇಗೋ ಸುಧಾರಿಸಬಹುದು. ಕೊಚ್ಚಿಯ ಜೂನ್–ಜುಲೈಯಲ್ಲಿ ಒದ್ದೆಯಾದ ಹೊಟ್ಟು ಒಣಗುವುದೇ ಇಲ್ಲ. ಮುಳಂತುರುತ್ತಿ ಕಡೆಯ ಒಬ್ಬ ಚೇಚಿ (ಅಕ್ಕ) ಒಂದು ಮುಷ್ಟಿ ಹೊಟ್ಟು ಹಿಂಡಿ ತೋರಿಸಿದರು; ಕೈಬಿಟ್ಟರೂ ಅದು ಉಂಡೆಯಾಗಿಯೇ ಉಳಿಯಿತು. ‘ಚೇಟ್ಟಾ (ಅಣ್ಣಾ), ಒಳಗೆ ಹೋದರೆ ಕಣ್ಣು ಉರಿಯುತ್ತೆ. ನನಗೇ ಹೀಗಾದರೆ ಇವಕ್ಕೆ?’ ಅಂದರು. ಅಮೋನಿಯಾ 25 ಪಿಪಿಎಂ ದಾಟಿದರೆ ಕೋಳಿಯ ಉಸಿರಾಟದ ದಾರಿ ಕೆಡುತ್ತದೆ, ಆ ಗಾಯದಲ್ಲಿ ಈ-ಕೋಲೈ ಸೇರುತ್ತದೆ. ಒದ್ದೆ ನೆಲದಲ್ಲಿ ಕಾಕ್ಸಿಡಿಯೋಸಿಸ್‌ನ ರಕ್ತಭೇದಿಯೂ ಬೇಗ ಹರಡುತ್ತದೆ. ಆಗ ಶೆಡ್ಡಿಗೆ ಆ್ಯಂಟಿಬಯಾಟಿಕ್ ಬರುತ್ತದೆ.

ಈ ಕೊನೆಯ ಹೆಜ್ಜೆಯೇ ನನಗೆ ಎಲ್ಲಕ್ಕಿಂತ ಕಳವಳ ತಂದದ್ದು. ತೂಕ ಬರಲೆಂದು ಮೇವಿಗೆ ಆ್ಯಂಟಿಬಯಾಟಿಕ್ ಬೆರೆಸುವುದನ್ನು ಯುರೋಪ್ 2006ರಲ್ಲೇ ನಿಲ್ಲಿಸಿತು. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿಎಸ್‌ಇ) ಪರೀಕ್ಷಿಸಿದ 70 ಕೋಳಿಮಾಂಸದ ಮಾದರಿಗಳಲ್ಲಿ ಶೇ 40ರಲ್ಲಿ ಆ್ಯಂಟಿಬಯಾಟಿಕ್ ಉಳಿಕೆ ಸಿಕ್ಕಿತ್ತು. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನನ್ನು ಮೇವಿನಲ್ಲಿ ಬಳಸಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ ಆದೇಶಿಸಿದ್ದು 2019ರ ಜುಲೈನಲ್ಲಿ. ಅದಕ್ಕೂ ಮೊದಲೇ, 2018ರಲ್ಲಿ, ಕೇರಳ ಸರ್ಕಾರ ಔಷಧಿಗೆ ಬಗ್ಗದ ರೋಗಾಣುಗಳ ವಿರುದ್ಧ ‘ಕಾರ್ಸಾಪ್’ ಎಂಬ ರಾಜ್ಯಮಟ್ಟದ ಯೋಜನೆ ರೂಪಿಸಿತ್ತು.

ಹಾಗಾದರೆ ಯಾವ ಪೂರಕಗಳಿಗೆ ದುಡ್ಡು ಹಾಕಬೇಕು? ಮೆಥಿಯೊನಿನ್, ಲೈಸಿನ್‌ಗಳಿಗೆ ಖಂಡಿತ. ಅವು ಇದ್ದರೆ ಒಟ್ಟು ಪ್ರೋಟೀನನ್ನು ಒಂದೆರಡು ಅಂಶ ಇಳಿಸಿಯೂ ಅದೇ ತೂಕ ಬರುತ್ತದೆ, ಹೊಟ್ಟೂ ಒಣಗಿರುತ್ತದೆ. ಫೈಟೇಸ್ ಕಿಣ್ವಕ್ಕೂ ಹಾಕಬಹುದು. ಧಾನ್ಯದ ರಂಜಕದಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಕೋಳಿ ತಾನಾಗಿ ಜೀರ್ಣಿಸಿಕೊಳ್ಳಲಾರದು; ಈ ಕಿಣ್ವ ಅದನ್ನು ಬಿಡಿಸಿಕೊಡುತ್ತದೆ. ಮಳೆಗಾಲದಲ್ಲಿ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿಯುವುದರಿಂದ ಬೂಷ್ಟಿನ ವಿಷವನ್ನು ಹಿಡಿದಿಡುವ ಟಾಕ್ಸಿನ್ ಬೈಂಡರ್ ಬೇಕು, ಅದಕ್ಕಿಂತ ಮೊದಲು ಚೀಲಗಳನ್ನು ಗೋಡೆಯಿಂದ ದೂರ, ಹಲಗೆಯ ಮೇಲೆ ಇಡಬೇಕು. ಅಂಗಡಿಯ ಬಣ್ಣಬಣ್ಣದ ಲಿವರ್ ಟಾನಿಕ್‌ಗಳಿಗೆ ಸುರಿಯುವ ಹಣವನ್ನು ಎರಡು ಫ್ಯಾನಿಗೆ ಹಾಕಿ ಎಂದೇ ನಾನು ಹೇಳುತ್ತ ಬಂದೆ.

ಗುತ್ತಿಗೆ ಸಾಕಣೆದಾರರ ಕೈಯಲ್ಲಿ ಮೇವಿನ ಆಯ್ಕೆ ಇಲ್ಲ ಎಂಬುದು ನಿಜ. ಆದರೆ ಕೇಳುವ ಹಕ್ಕಿದೆ. ಚೀಲದ ಚೀಟಿಯ ಮೇಲೆ ಕಚ್ಚಾ ಪ್ರೋಟೀನ್ ಜೊತೆ ಲೈಸಿನ್, ಮೆಥಿಯೊನಿನ್ ಪ್ರಮಾಣವನ್ನೂ ಮುದ್ರಿಸಿ, ಬೆರೆಸಿದ ಔಷಧಿಯ ಹೆಸರು, ಕೋಳಿ ಹಿಡಿಯುವುದಕ್ಕೆ ಎಷ್ಟು ದಿನ ಮೊದಲು ಅದನ್ನು ನಿಲ್ಲಿಸಬೇಕು ಎಂಬುದನ್ನೂ ಬರೆಯಿರಿ ಎಂದು ಮೇವು ಇಳಿಸುವ ಲಾರಿಯ ಮುಂದೆಯೇ ಕೇಳಬೇಕು. ಆ ಚೇಚಿ ಈಗ ಪ್ರತಿ ಲೋಡಿನಿಂದ ಒಂದು ಕಿಲೋ ಮೇವು ತೆಗೆದು, ತಾರೀಕು ಬರೆದು, ಬ್ಯಾಚು ಮುಗಿಯುವವರೆಗೂ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ತೂಕದ ಲೆಕ್ಕದಲ್ಲಿ ತಕರಾರು ಬಂದರೆ ಪರೀಕ್ಷೆಗೆ ಕಳಿಸಲು ಅದು ಅವರ ಬಳಿ ಇರುತ್ತದೆ.